ಆಮಿಶ್ ಜನರ ಏಕೋಪಾಧ್ಯಾಯ ಶಾಲೆಗಳು

ಅಮೆರಿಕದ ಪೆನ್ಸಿಲ್ವೇನಿಯ, ಓಹಾಯೊ, ಇಂಡಿಯಾನ ರಾಜ್ಯಗಳ ಹೊಲಗಳ ನಡುವೆ ಕಾಣುವ ಆಮಿಶ್ ಶಾಲೆಗಳು ನೋಡುವವರಿಗೆ ಹಳೆಯ ಕಾಲದ ಅವಶೇಷಗಳಂತೆ ತೋರುತ್ತವೆ. ವಸ್ತುತಃ ಅವು ಇಪ್ಪತ್ತನೆಯ ಶತಮಾನದ ಸೃಷ್ಟಿ. ಹದಿನೆಂಟನೆಯ ಶತಮಾನದಿಂದ ಯೂರೋಪನ್ನು ತೊರೆದು ಬಂದ ಈ ಕ್ರೈಸ್ತ ಪಂಥದ ಬೇಸಾಯಗಾರರು ಬಹುಕಾಲ ತಮ್ಮ ಮಕ್ಕಳನ್ನು ನೆರೆಹೊರೆಯವರ ಮಕ್ಕಳೊಡನೆ ಊರಿನ ಸಾರ್ವಜನಿಕ ಶಾಲೆಗೇ ಕಳುಹಿಸುತ್ತಿದ್ದರು.

ಬದಲಾದುದು ಸರಕಾರದ ನೀತಿ. ಸಣ್ಣ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ದೊಡ್ಡ ಶಾಲೆಗೆ ಒಯ್ಯುವ ಏರ್ಪಾಡು ಹಬ್ಬಿತು. 1937ರಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಪ್ರಾಂತದಲ್ಲಿ ಇದು ವಿವಾದಕ್ಕೆ ಕಾರಣವಾಯಿತು. ಮರುವರ್ಷ ಅಲ್ಲಿನ ಆಮಿಶರು ಸ್ವಂತ ಶಾಲೆಗಳನ್ನು ತೆರೆದರು. ಸಾರ್ವಜನಿಕ ಶಾಲೆಯ ತೆರಿಗೆಯನ್ನೂ ತೆತ್ತು, ತಮ್ಮ ಶಾಲೆಯ ವೆಚ್ಚವನ್ನೂ ಹೊತ್ತರು.

ಶಾಲೆಯ ಕ್ರಮ ಸರಳವಾದುದು. ಸಾಮಾನ್ಯವಾಗಿ ಒಂದೇ ಕೋಣೆ, ಎಂಟು ತರಗತಿ, ಸುಮಾರು ಮೂವತ್ತು ಮಕ್ಕಳು. ಕಲಿಸುವವಳು ಬಹುಶಃ ಅದೇ ಸಮುದಾಯದ ಅವಿವಾಹಿತ ತರುಣಿ. ಅವಳ ಓದೂ ಎಂಟನೆಯ ತರಗತಿಗೇ ಮುಗಿದಿರುತ್ತದೆ. ಒಂದು ತರಗತಿಯವರು ಪಾಠ ಒಪ್ಪಿಸುವಾಗ ಉಳಿದವರು ತಮ್ಮ ಲೆಕ್ಕಗಳಲ್ಲಿ ತೊಡಗಿರುತ್ತಾರೆ; ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ಅಲ್ಲಿಂದಾಚೆಗಿನ ವಿದ್ಯೆ ಹೊಲಮನೆಗಳಲ್ಲಿ.

ಇಂಥ ಶಿಕ್ಷಕಿಯರಿಗೆ ಸರಕಾರದ ಅರ್ಹತಾಪತ್ರವಿಲ್ಲವೆಂಬುದು ಹೊಸ ಕಲಹಕ್ಕೆ ಕಾರಣವಾಯಿತು. 1965ರ ನವೆಂಬರಿನಲ್ಲಿ ಅಯೋವದ ಹೇಜಲ್‌ಟನ್ ಬಳಿ, ಮಕ್ಕಳನ್ನು ಒಯ್ಯಲು ಅಧಿಕಾರಿಗಳು ಬಂದಾಗ ಮಕ್ಕಳು ಜೋಳದ ಹೊಲಕ್ಕೆ ಓಡಿದರು. ಆ ದೃಶ್ಯದ ಛಾಯಾಚಿತ್ರ ದೇಶದ ಮನಸ್ಸನ್ನು ಕಲಕಿತು. ವಿಸ್ಕಾನ್ಸಿನ್ನಿನಲ್ಲಿ ಎಂಟನೆಯ ತರಗತಿಯ ಬಳಿಕ ಮಕ್ಕಳನ್ನು ಶಾಲೆಗೆ ಕಳುಹಿಸದ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿದ್ದಿತು. ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1972ರಲ್ಲಿ ತೀರ್ಪು ತಂದೆಯರ ಪರವಾಯಿತು. ಆದರೆ ನ್ಯಾಯಮೂರ್ತಿ ಡಗ್ಲಸ್ ಭಾಗಶಃ ಭಿನ್ನಮತವಿತ್ತರು: ಮಗುವಿನ ಇಚ್ಛೆಯನ್ನೂ ಕೇಳಬೇಡವೆ ಎಂಬುದು ಅವರ ಆಕ್ಷೇಪದ ತಿರುಳು. ಪರಂಪರೆಯ ರಕ್ಷಣೆಗೆ ಮಗುವಿನ ಮುಂದಿನ ದಾರಿಗಳನ್ನು ಎಷ್ಟರಮಟ್ಟಿಗೆ ಮುಚ್ಚಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಈ ಶಾಲೆಗಳ ಬೋಧನೆ ಮುಖ್ಯವಾಗಿ ಇಂಗ್ಲಿಷಿನಲ್ಲಿ. ಧರ್ಮಗ್ರಂಥಕ್ಕಾಗಿ ಶಿಷ್ಟ ಜರ್ಮನ್ ಕಲಿಸುತ್ತಾರೆ. ಮನೆಮಾತಾದ ಪೆನ್ಸಿಲ್ವೇನಿಯ ಜರ್ಮನ್ ಪಠ್ಯವಿಷಯವೇ ಅಲ್ಲ. ಆದರೂ ಅದು ತಲೆಮಾರುಗಳನ್ನು ದಾಟಿ ಬಂದಿದೆ. ಏಕೆಂದರೆ ಅಡುಗೆಮನೆಯಲ್ಲಿ, ಹಟ್ಟಿಯಲ್ಲಿ, ಹೊಲದಲ್ಲಿ ಅದಿಲ್ಲದೆ ಬಾಳು ಸಾಗದು. ಶಾಲೆ ಭಾಷೆಯನ್ನು ಉಳಿಸಲಿಲ್ಲ. ಭಾಷೆಗೆ ಕೆಲಸವಿದ್ದ ಬದುಕನ್ನು ಉಳಿಸಲು ನೆರವಾಯಿತು. ಪರನಾಡಿನಲ್ಲಿ ನೆಲೆಸಿದ ಯಾವ ಭಾಷಾಸಮುದಾಯಕ್ಕಾದರೂ ಇದು ವಿಚಾರಾರ್ಹವಾದ ಮಾತು.