ಪುದುಕೋಟೆಯ ಹೆಂಗಸರ ಸೈಕಲ್ ಸವಾರಿ

ಬೈಸಿಕಲ್ಲನ್ನು ನೀವೆಲ್ಲರೂ ಬಲ್ಲಿರಿ. ಎರಡು ಚಕ್ರ, ಒಂದು ಸರಪಳಿ, ತುಳಿಯುವವರ ಕಾಲಿನ ಬಲ. ಇಷ್ಟೇ ಅದರ ಬಂಡವಾಳ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಹೆಚ್ಚುಕಡಮೆ ಸಮನಾದ ಎರಡು ಚಕ್ರಗಳ ‘ರೋವರ್’ ಬೈಸಿಕಲ್ಲನ್ನು ತಯಾರಿಸಿದ್ದು 1885ರಲ್ಲಿ. ಮೂರು ವರ್ಷಗಳ ತರುವಾಯ, 1888ರಲ್ಲಿ, ಡನ್‌ಲಪ್ ಎಂಬಾತ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅಂದಿನಿಂದ ಅದರ ಮೂಲ ರೂಪ ಅಷ್ಟಾಗಿ ಬದಲಾಗಿಲ್ಲ. ಆದರೆ ಅದನ್ನು ಯಾರು ಏರಬಹುದು, ಯಾರು ಏರಬಾರದು ಎಂಬ ಕಟ್ಟಳೆಯನ್ನು ಮಾಡಿದವರು ಯಂತ್ರಶಿಲ್ಪಿಗಳಲ್ಲ, ನಾವು. ಆ ಕಟ್ಟಳೆಯನ್ನು ಒಂದು ಜಿಲ್ಲೆಯ ಹೆಂಗಸರು ಒಟ್ಟಾಗಿ ಮುರಿದ ಸಂಗತಿಯನ್ನು ಇಲ್ಲಿ ನಿಮಗೆ ತಿಳಿಸಬೇಕೆಂದಿದ್ದೇನೆ.

ತಮಿಳುನಾಡಿನ ಪುದುಕೋಟೆ ಹಿಂದೆ ತೊಂಡೈಮಾನ್ ಅರಸರ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಭಾರತದಲ್ಲಿ ವಿಲೀನವಾಯಿತು. 1974ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಮಳೆಯ ಮುಖ ನೋಡಿ ಬಾಳುವ ಒಣನೆಲ. ಹೊಲದ ಕೂಲಿ, ಕಲ್ಲುಗಣಿಯ ಕೂಲಿ ಬಹುಮಂದಿಗೆ ಜೀವನಾಧಾರ. ಅಲ್ಲಿಯ ಹಳ್ಳಿಯ ಹೆಣ್ಣುಮಗಳು ಸಂತೆಗೋ ಆಸ್ಪತ್ರೆಗೋ ಹೋಗಬೇಕಾದರೆ ನಡೆಯಬೇಕು, ಇಲ್ಲವೆ ಬಸ್ಸಿಗೆ ಕಾಯಬೇಕು, ಅದೂ ಇಲ್ಲವಾದರೆ ಗಂಡನೋ ಅಣ್ಣನೋ ಹಿಂದೆ ಕೂರಿಸಿಕೊಂಡು ಹೋಗುವ ಗಳಿಗೆಯನ್ನು ಎದುರುನೋಡಬೇಕು. ಮನೆಯಲ್ಲಿ ಸೈಕಲ್ಲಿದ್ದರೂ ಅದು ಗಂಡಸಿನ ಸೊತ್ತು.

1991ರಲ್ಲಿ ಆ ಜಿಲ್ಲೆಯಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ಹರಡಿತು. ಅರಿವಿನ ಬೆಳಕಿನ ಚಳವಳಿ ಎಂದು ಅದರ ಅರ್ಥ. ಅಂದಿನ ಜಿಲ್ಲಾ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರು ಒಂದು ಮಾತನ್ನು ಸರಿಯಾಗಿ ಗ್ರಹಿಸಿದರು. ಅಕ್ಷರ ಕಲಿತವಳು ತನ್ನ ಊರಿನ ಗಡಿಯನ್ನು ದಾಟಲಾರದೆ ಹೋದರೆ ಕಲಿತ ಅಕ್ಷರದಿಂದ ಆಗುವುದಾದರೂ ಏನು? ಆದ್ದರಿಂದ ಸೈಕಲ್ ಕಲಿಕೆಯೂ ಅಕ್ಷರಾಭ್ಯಾಸದ ಒಂದು ಪಾಠವಾಯಿತು. ಕಾರ್ಯಕರ್ತೆಯರಿಗೆ ಸೈಕಲ್ ಕೊಳ್ಳಲು ಸಾಲದ ಏರ್ಪಾಟಾಯಿತು. ಸೈಕಲ್ ಕಲಿಯಿರೆಂದು ಹುರಿದುಂಬಿಸುವ ಹಾಡುಗಳೂ ಹುಟ್ಟಿದವು.

ಇದು ಸುಲಭವಾಗಿ ನಡೆಯಿತೆಂದು ನೀವು ಭಾವಿಸಬಾರದು. ಬೀದಿಯಲ್ಲಿ ಕುಹಕವಿತ್ತು; ನಡತೆಯನ್ನೇ ಹಳಿಯುವ ಮಾತುಗಳಿದ್ದವು. ಒಬ್ಬಳೇ ಸೈಕಲ್ ಏರಿದರೆ ಅವಳು ನಾಲ್ಕು ಜನರ ನಗೆಗೆ ಗುರಿ. ಊರಿನ ಹೆಂಗಸರೆಲ್ಲ ಏರಿದರೆ ನಗುವವರು ಯಾರು, ಯಾರನ್ನು ನೋಡಿ ನಕ್ಕಾರು? ಈ ಚಳವಳಿಯ ಗುಟ್ಟೆಲ್ಲ ಇಲ್ಲಿದೆ. ಧೈರ್ಯವನ್ನು ಒಬ್ಬೊಬ್ಬಳಿಂದ ಬೇರೆಬೇರೆಯಾಗಿ ಕೇಳಲಿಲ್ಲ, ಎಲ್ಲರೂ ಹಂಚಿಕೊಂಡರು.

1992ರ ಅಂತರರಾಷ್ಟ್ರೀಯ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಹೆಂಗಸರು ಸೈಕಲ್ಲುಗಳಿಗೆ ಬಾವುಟ ಕಟ್ಟಿ, ಗಂಟೆ ಬಾರಿಸುತ್ತ ಪುದುಕೋಟೆಯ ಬೀದಿಗಳಲ್ಲಿ ಸಾಗಿದರು. ಸವಾರಿಯ ಪ್ರದರ್ಶನ-ಸ್ಪರ್ಧೆಗಳಲ್ಲಿ 70,000ಕ್ಕೂ ಮೇಲ್ಪಟ್ಟು ಹೆಂಗಸರು ಪಾಲ್ಗೊಂಡರೆಂದೂ, ಒಟ್ಟು ಸೈಕಲ್ ಹಿಡಿದವರು ಲಕ್ಷವನ್ನು ಮೀರಿದರೆಂದೂ ಅಲ್ಲಿಗೆ ಹೋಗಿ ಕಂಡು ಬರೆದ ಪತ್ರಕರ್ತ ಪಿ. ಸಾಯಿನಾಥ್ ತಿಳಿಸುತ್ತಾರೆ. ಹೆಂಗಸರ ಸೈಕಲ್ಲುಗಳು ಅಂಗಡಿಗಳಲ್ಲಿ ಸಾಲದೆ ಹೋದಾಗ ಅವರು ಗಂಡಸರ ಸೈಕಲ್ಲುಗಳನ್ನೇ ಕೊಂಡರು. ಅದರ ಅಡ್ಡಪಟ್ಟಿಯ ಮೇಲೆ ಮಗುವಿಗೊಂದು ಪುಟ್ಟ ಆಸನ ಕೂರಿಸಬಹುದೆಂದು ಕೆಲವರು ಅದನ್ನೇ ಮೆಚ್ಚಿದ್ದೂ ಉಂಟು!

ಇದರಿಂದ ಆದ ಲಾಭವೇನೆಂದು ಕೇಳುವಿರಾ? ಮುಂದೆ ಮಗು, ಹಿಂದೆ ನೀರಿನ ಕೊಡ ಅಥವಾ ಸಂತೆಯ ಸರಕು. ಬಸ್ಸಿಗಾಗಿ ಕಾದು ಕಳೆಯುತ್ತಿದ್ದ ಹೊತ್ತು ಉಳಿಯಿತು; ಉಳಿದ ಹೊತ್ತಿನಲ್ಲಿ ಮಾರಾಟಕ್ಕೆ ಇನ್ನೊಂದು ಹಳ್ಳಿ ದೊರೆಯಿತು, ಮನೆಗೆಲಸಕ್ಕೂ ವಿಶ್ರಾಂತಿಗೂ ಕೊಂಚ ಬಿಡುವು ದೊರೆಯಿತು. ಕೂಲಿಯವಳೂ, ಹಳ್ಳಿಯ ದಾದಿಯೂ, ಶಾಲೆಯ ಉಪಾಧ್ಯಾಯಿನಿಯೂ ಒಂದೇ ರಸ್ತೆಯಲ್ಲಿ ಸರಿಸಮನಾಗಿ ಸಾಗಿದರು. ಹಣದ ಲಾಭಕ್ಕಿಂತ ಮಿಗಿಲಾದುದು ಮತ್ತೊಂದುಂಟು: ಹೋಗಬೇಕೆಂದಾಗ ಯಾರನ್ನೂ ಕಾಯದೆ ಹೋಗಬಲ್ಲೆನೆಂಬ ಭರವಸೆ.

ನಮ್ಮ ಕರ್ನಾಟಕದಲ್ಲಿಯೂ 2006–07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಮೊದಲಾಯಿತು. ಸರ್ಕಾರ ಸೈಕಲ್ಲನ್ನು ಕೊಡಬಲ್ಲದು. ಆದರೆ ಹೊತ್ತು ಇಳಿಯುವ ವೇಳೆಯಲ್ಲಿ ಮಗಳೊಬ್ಬಳೇ ಸೈಕಲ್ ತುಳಿದು ಬರುವಾಗ ಅವಳನ್ನು ನೋಡಿ ನಗದಿರುವ ಬೀದಿಯನ್ನು ಕೊಡಬೇಕಾದವರು ನೀವು, ನಾನು, ನೆರೆಹೊರೆಯವರು.

ನಿಮ್ಮ ಮನೆಯ ಹಜಾರದಲ್ಲಿಯೂ ಒಂದು ಸೈಕಲ್ಲು ಧೂಳು ಹಿಡಿದು ನಿಂತಿರಬಹುದು. ಒಂದು ಭಾನುವಾರ ಅದಕ್ಕೆ ಗಾಳಿ ತುಂಬಿಸಿ ಹೊರಗೆ ತನ್ನಿ. ಒಬ್ಬರೇ ಹೊರಡಲು ಸಂಕೋಚವಾದರೆ ಪಕ್ಕದ ಮನೆಯವರನ್ನೂ ಕರೆಯಿರಿ. ಪುದುಕೋಟೆಯವರು ಮಾಡಿದ್ದೂ ಅಷ್ಟೇ.