ಹದಿಹರೆಯದವರ ವಿಶ್ವಾಸ ಚರ್ಚೆ (ಚಿಕ್ಕಬಳ್ಳಾಪುರ ಸೀಮೆ)

ಚರ್ಚಿನ ಯುವಕೂಟದಲ್ಲಿ ಹದಿಹರೆಯದವರು ಬೈಬಲನ್ನು ಓದಿ, ಪ್ರಶ್ನಿಸಿ, ಸೇವೆಗಿಳಿಯುವ ಕ್ರಮ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಸಂಸ್ಥೆಯು ಬೋಧನೆಯ ಜೊತೆಗೆ ಆಸ್ಪತ್ರೆಯನ್ನೂ ಕಟ್ಟಿತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ ಆ ಸೇವೆಯನ್ನು ಮುಂದುವರಿಸಿತು. ಆದ್ದರಿಂದ ಇಲ್ಲಿ ರೋಗಿಗಳ ಭೇಟಿಯೂ ಪಾಠವಾಗಬೇಕು, ಬರಿಯ ಉಪದೇಶ ಸಾಲದು. ಇನ್ನು ಇದೇ ಸೀಮೆಯ ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಬೈಬಲಿನ ಒಂದೇ ವಾಕ್ಯವನ್ನು ಎರಡೂ ನುಡಿಗಳಲ್ಲಿ ಓದಿದಾಗ ಅರ್ಥದ ಚರ್ಚೆ ತಾನಾಗಿ ಹುಟ್ಟುತ್ತದೆ. ಈ ಎರಡು ನುಡಿಗಳ ಬಳಕೆ ಈ ಸೀಮೆಯ ಸಂಪತ್ತು. ಹೀಗೆ ಹುಟ್ಟುವ ಪ್ರಶ್ನೆ ವಿಶ್ವಾಸವನ್ನು ಸಡಿಲಿಸುತ್ತದೆಂಬ ಹಿರಿಯರ ಅಳುಕು ಹುಸಿಯಲ್ಲ. ಒಳಗೊಳಗೇ ಕೊರೆಯುವ ಸಂಶಯ ಹಾಗೆ ಮಾಡಬಲ್ಲದು. ಆದರೆ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ 12 ವರ್ಷದ ಯೇಸು ದೇವಾಲಯದ ಬೋಧಕರ ನಡುವೆ ಕುಳಿತು ಆಲಿಸುತ್ತಾನೆ, ಪ್ರಶ್ನಿಸುತ್ತಾನೆ. ಬೋಧಕರು ಅವನನ್ನು ಗದರಿಸಲಿಲ್ಲ, ಬೆರಗಾದರು.