ಕೋಲ್ಕತ್ತ ಮರೆಯದ ಬೆಂಗಳೂರಿನ ಆಟಗಾರ ಅಹ್ಮದ್ ಖಾನ್

ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹಳೆಯ ಅಭಿಮಾನಿಯ ಮುಂದೆ ‘ಪಂಚಪಾಂಡವರು’ ಎಂದರೆ ಅವರಿಗೆ ಧರ್ಮರಾಯ, ಭೀಮ, ಅರ್ಜುನರಿಗಿಂತ ಮೊದಲು ನೆನಪಾಗುವುದು ಐದು ಜನ ಫುಟ್‌ಬಾಲ್ ಆಟಗಾರರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಈ ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ, ಎಲ್ಲರೂ ದಕ್ಷಿಣ ಭಾರತದಿಂದ ಹೋದವರು. ಅಪ್ಪಾರಾವ್ ಆಂಧ್ರದ ಕಾಕಿನಾಡದವರು, ಸಾಲೇಹ್ ಕೇರಳದವರು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು.

ಎರಡು ಒಲಿಂಪಿಕ್ಸ್ ಆಡಿದ, ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಈ ಮನುಷ್ಯನ ಹೆಸರು ನಮ್ಮ ರಾಜ್ಯದ ಎಷ್ಟು ಮಕ್ಕಳಿಗೆ ಗೊತ್ತು? ಕೋಲ್ಕತ್ತದಲ್ಲಾದರೆ ಅವರ ಆಟ ನೋಡದವರೂ ಅವರ ಕತೆ ಹೇಳುತ್ತಾರೆ. ಅಪ್ಪ ನೋಡಿದ್ದು, ಅಜ್ಜ ನೋಡಿದ್ದು ಎಂದು ಹೇಳುತ್ತಾರೆ. ಈ ನೆನಪು ಅಲ್ಲಿ ಹೇಗೆ ಬೇರು ಬಿಟ್ಟಿತು ಎಂಬುದನ್ನು ಈ ಬರಹದಲ್ಲಿ ನೋಡೋಣ.

ದಂಡು ಪ್ರದೇಶದ ಹುಡುಗ

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಒಂದು ಕಡೆ ಮೈಸೂರು ಮಹಾರಾಜರ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ದಂಡಿನಲ್ಲಿ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು. ಅವರನ್ನು ನೋಡಿ ಸುತ್ತಲಿನ ಬಡಾವಣೆಗಳ ಹುಡುಗರು ಆಡಲು ಕಲಿತರು. ಬೂಟು ಕೊಳ್ಳುವ ದುಡ್ಡಿರಲಿಲ್ಲ, ಬರಿಗಾಲಲ್ಲೇ ಆಡಿದರು.

ಆಮೇಲಾಮೇಲೆ ಈ ಹುಡುಗರೇ ಸೈನಿಕರ ತಂಡಗಳನ್ನು ಸೋಲಿಸತೊಡಗಿದರು. ಬೊಂಬಾಯಿಯ ರೋವರ್ಸ್ ಕಪ್ ಆಗ ದೇಶದ ದೊಡ್ಡ ಟೂರ್ನಿಗಳಲ್ಲಿ ಒಂದು. ಅದನ್ನು ವರ್ಷ ವರ್ಷವೂ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಆ ಕಪ್ ಎತ್ತಿತು. ಸೈನ್ಯಕ್ಕೆ ಸೇರದ ಭಾರತೀಯರ ತಂಡವೊಂದು ರೋವರ್ಸ್ ಗೆದ್ದದ್ದು ಅದೇ ಮೊದಲು. ಮರುವರ್ಷ 1938ರಲ್ಲೂ ಅವರೇ ಗೆದ್ದರು. 1946ರಲ್ಲಿ ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿ ಗೆದ್ದಿತು, ಅದೂ ಬಂಗಾಳದ ಎದುರು. ಇಂಥ ಊರಲ್ಲಿ ಬೆಳೆದ ಹುಡುಗ ಅಹ್ಮದ್. ಅಪ್ಪನೂ ಫುಟ್‌ಬಾಲ್ ಆಡಿದವರು, ಮನೆಯ ಬೇರೆ ಹುಡುಗರೂ ಆಡುತ್ತಿದ್ದರು.

ಇಲ್ಫರ್ಡ್‌ನ ಬರಿಗಾಲು

ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ಗೆ ಭಾರತದ ಫುಟ್‌ಬಾಲ್ ತಂಡ ಹೊರಟಿತು. ನಾಗಾಲ್ಯಾಂಡಿನ ಟಿ. ಆವೋ ನಾಯಕ. ತಂಡದಲ್ಲಿ ಅಹ್ಮದ್ ಖಾನ್ ಕೂಡ ಇದ್ದರು, ವಯಸ್ಸು 21.

ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಇಳಿದರು, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದೇ ಮೊದಲ ಗೋಲು. ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಕೈತಪ್ಪಿದವು. ಆಟ ಮುಗಿಯಲು ಒಂದು ನಿಮಿಷ ಇದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಸೋತರೂ ನಮ್ಮವರಿಗೆ ಒಳ್ಳೆಯ ಹೆಸರು ಬಂತು. ಬೂಟಿಲ್ಲದ ಕಾಲಿನಿಂದ ಚೆಂಡನ್ನು ಹೀಗೂ ಆಡಿಸಬಹುದೇ ಎಂದು ಅಲ್ಲಿಯ ಜನ ಬೆರಗಾದರು. ಅಹ್ಮದ್ ಖಾನ್‌ಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಸೇರಿಕೊಂಡಿತು. ಪುಂಗಿಯ ಮುಂದೆ ಹಾವು ಆಡಿದ ಹಾಗೆ ಅವರ ಕಾಲಿನ ಮುಂದೆ ಚೆಂಡು ಆಡುತ್ತಿತ್ತು ಎಂಬ ಅರ್ಥ.

ಐವರು ಒಂದೇ ಸಾಲಿನಲ್ಲಿ

ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷಚಂದ್ರ ಗುಹಾ ಆಟಗಾರರನ್ನು ಆರಿಸುವುದರಲ್ಲಿ ಚಾಣಾಕ್ಷರು. ದಕ್ಷಿಣದ ಹುಡುಗರ ಮೇಲೆ ಕಣ್ಣಿಟ್ಟು ಒಬ್ಬೊಬ್ಬರನ್ನೇ ಕೋಲ್ಕತ್ತಕ್ಕೆ ಕರೆಸಿಕೊಂಡರು. 1949ರಲ್ಲಿ ಅಹ್ಮದ್ ಖಾನ್ ಬಂದಾಗ ಐವರ ಸಾಲು ಕೂಡಿಬಂತು.

ಆಗಿನ ಆಟದ ಲೆಕ್ಕವೇ ಬೇರೆ. ಇವತ್ತು ಮುಂದೆ ಒಬ್ಬರೋ ಮೂವರೋ ಆಡುತ್ತಾರೆ. ಆಗ ಐದು ಜನ ಫಾರ್ವರ್ಡ್‌ಗಳು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಬಲತುದಿಗೆ ವೆಂಕಟೇಶ್, ಅವರ ಪಕ್ಕ ಅಪ್ಪಾರಾವ್, ನಡುವೆ ಧನರಾಜ್, ಎಡಗಡೆ ಒಳಗೆ ಅಹ್ಮದ್ ಖಾನ್, ಎಡತುದಿಗೆ ಸಾಲೇಹ್. ಒಳಗಿನವರ ಕೆಲಸ ಗೋಲು ಹೊಡೆಯುವುದಷ್ಟೇ ಅಲ್ಲ. ಹಿಂದಿನಿಂದ ಚೆಂಡು ತಂದು, ಎದುರಾಳಿಗಳನ್ನು ತನ್ನತ್ತ ಸೆಳೆದು, ಖಾಲಿಯಾದ ಜಾಗಕ್ಕೆ ಜೊತೆಗಾರನಿಗೆ ಚೆಂಡು ಕೊಡುವುದು. ನಮ್ಮ ಕಬಡ್ಡಿಯಲ್ಲಿ ರೈಡರ್ ಒಂದು ಮೂಲೆಗೆ ಆಸೆ ತೋರಿಸಿ ಇನ್ನೊಂದು ಮೂಲೆ ಮುಟ್ಟುವಂತೆ. ಅಹ್ಮದ್ ಖಾನ್‌ರ ಕಸುಬು ಇದೇ.

ಆ ಐವರ ಕಾಲದ ಫಲ ನೋಡಿ. 1949ರಲ್ಲಿ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲ್ ಪಾಲಾದವು. ಶೀಲ್ಡ್ ಅನ್ನು 1949, 1950, 1951 ಹೀಗೆ ಸತತ ಮೂರು ಸಲ ಗೆದ್ದರು. ದೆಹಲಿಯ ಡ್ಯುರಾಂಡ್ ಕಪ್ 1951 ಮತ್ತು 1952ರಲ್ಲಿ ಬಂತು. 1953ರಲ್ಲಿ ಕ್ಲಬ್ಬು ರುಮೇನಿಯಾ, ಸೋವಿಯತ್ ಒಕ್ಕೂಟಗಳಿಗೂ ಹೋಗಿ ಆಡಿ ಬಂತು.

ಮನೆ ಕಳೆದುಕೊಂಡವರ ಕ್ಲಬ್ಬು

ಕಪ್ ಗೆದ್ದವರೆಲ್ಲ ಜನರ ಮನಸ್ಸಿನಲ್ಲಿ ಉಳಿಯುವುದಿಲ್ಲ. ಅಹ್ಮದ್ ಖಾನ್ ಉಳಿದದ್ದಕ್ಕೆ ಆ ಕಾಲವನ್ನೂ ತಿಳಿಯಬೇಕು.

ಈಸ್ಟ್ ಬೆಂಗಾಲ್ ಕ್ಲಬ್ಬು ಶುರುವಾದದ್ದು 1920ರಲ್ಲಿ, ಪೂರ್ವ ಬಂಗಾಳದ ಮೂಲದವರಿಂದ. ಕೋಲ್ಕತ್ತದ ಮೂಲನಿವಾಸಿಗಳು ಮೋಹನ್ ಬಾಗಾನ್ ಕಡೆ, ಪೂರ್ವದಿಂದ ಬಂದವರು ಈಸ್ಟ್ ಬೆಂಗಾಲ್ ಕಡೆ. ಇವರು ಗೆದ್ದರೆ ಮಾರುಕಟ್ಟೆಯಲ್ಲಿ ಇಲಿಶ್ ಮೀನಿಗೆ ಬೇಡಿಕೆ, ಅವರು ಗೆದ್ದರೆ ಸಿಗಡಿಗೆ ಬೇಡಿಕೆ ಎಂದು ಇಂದಿಗೂ ತಮಾಷೆ ಮಾಡುತ್ತಾರೆ.

1947ರಲ್ಲಿ ದೇಶ ಹೋಳಾದಾಗ ಅದು ತಮಾಷೆಯಾಗಿ ಉಳಿಯಲಿಲ್ಲ. ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಲಕ್ಷಾಂತರ ಹಿಂದೂ ಕುಟುಂಬಗಳು ಹೊಲ, ಮನೆ, ಕೆರೆ, ತೋಟ ಬಿಟ್ಟು ಕೋಲ್ಕತ್ತಕ್ಕೆ ಬಂದವು. ಸಿಯಾಲ್ದಾ ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ತಿಂಗಳುಗಟ್ಟಲೆ ಮಲಗಿದವರಿದ್ದರು. ಜಾದವಪುರದ ಕಡೆ ಖಾಲಿ ಜಾಗಗಳಲ್ಲಿ ಬಿದಿರು, ತಗಡಿನ ಗುಡಿಸಲು ಕಟ್ಟಿಕೊಂಡರು. ಊರಿನವರು ಇವರನ್ನು ‘ಬಾಂಗಾಲ್’ ಎಂದು ಹೀಯಾಳಿಸುತ್ತಿದ್ದರು. ಹುಟ್ಟಿದ ಊರು ನಕ್ಷೆಯಲ್ಲಿ ಬೇರೆ ದೇಶವಾಗಿತ್ತು. ‘ಈಸ್ಟ್ ಬೆಂಗಾಲ್’ ಎಂಬ ಹೆಸರು ಅವರ ಪಾಲಿಗೆ ಉಳಿದಿದ್ದು ಮೈದಾನದಲ್ಲಿ, ಕೆಂಪು ಹಳದಿ ಅಂಗಿಯ ಮೇಲೆ.

1950ರ ಮೊದಲ ತಿಂಗಳುಗಳಲ್ಲಿ ಗಡಿಯ ಎರಡೂ ಕಡೆ ಮತ್ತೆ ಭೀಕರ ಗಲಭೆ. ಹಿಂದೂಗಳು ಅಲ್ಲಿಂದ ಇಲ್ಲಿಗೆ, ಮುಸ್ಲಿಮರು ಇಲ್ಲಿಂದ ಅಲ್ಲಿಗೆ ಓಡಿದರು. ಏಪ್ರಿಲ್‌ನಲ್ಲಿ ನೆಹರು ಮತ್ತು ಲಿಯಾಕತ್ ಅಲಿ ಖಾನ್ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಆಮೇಲೆ ಮಳೆಗಾಲ, ಅಂದರೆ ಕೋಲ್ಕತ್ತದ ಫುಟ್‌ಬಾಲ್ ಕಾಲ.

ಈಗ ಆ ಮೈದಾನವನ್ನು ಕಣ್ಣ ಮುಂದೆ ತಂದುಕೊಳ್ಳಿ. ನೋಡಲು ನಿಂತವರಲ್ಲಿ ಗಲಭೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಹಿಂದೂ ನಿರಾಶ್ರಿತರು ಸಾವಿರಾರು. ಅವರ ಕ್ಲಬ್ಬಿನ ಎಡಭಾಗದಲ್ಲಿ ಅಕ್ಕಪಕ್ಕ ಆಡುತ್ತಿದ್ದವರು ಅಹ್ಮದ್ ಖಾನ್ ಮತ್ತು ಸಾಲೇಹ್, ಇಬ್ಬರೂ ಮುಸ್ಲಿಮರು. ಆ ವರ್ಷವೂ ಲೀಗ್ ಮತ್ತು ಶೀಲ್ಡ್ ಬಂದವು. ಅಭಿಮಾನಿಗಳು ಈ ಐವರಿಗೆ ಇಟ್ಟುಕೊಂಡ ಹೆಸರು ಮಹಾಭಾರತದ್ದು. ಪಾಂಡವರಲ್ಲಿ ಇಬ್ಬರು ಮುಸ್ಲಿಮರು ಎಂಬುದು ಆ ಜನಕ್ಕೆ ತೊಡಕಾಗಲಿಲ್ಲ.

ಇದರಿಂದ ಕೋಲ್ಕತ್ತದ ದ್ವೇಷವೆಲ್ಲ ಕರಗಿತು ಎಂದು ನಾವು ಹೇಳುವುದಿಲ್ಲ. ಒಂದು ಚೆಂಡಿಗೆ ಅಷ್ಟು ಶಕ್ತಿ ಇಲ್ಲ. ಆದರೆ ಧರ್ಮದ ಹೆಸರಿನಲ್ಲಿ ಊರು ಬಿಟ್ಟು ಬಂದ ಜನ, ಭಾಷೆ ಬೇರೆ, ಧರ್ಮ ಬೇರೆ, ಊರು ಬೇರೆಯಾದ ಒಬ್ಬ ಹುಡುಗನನ್ನು ‘ನಮ್ಮ ಅಹ್ಮದ್’ ಎಂದು ಒಪ್ಪಿಕೊಂಡರು. ತಮ್ಮ ಮಕ್ಕಳಿಗೆ ಆ ನೆನಪನ್ನೇ ದಾಟಿಸಿದರು. ಇದು ಚರಿತ್ರೆಯಲ್ಲಿ ನಡೆದ ಸಂಗತಿ.

ಚಿನ್ನ, ಚಳಿ, ಬೂಟು

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಭಾರತ ಇರಾನ್ ಅನ್ನು 1-0ಯಿಂದ ಸೋಲಿಸಿತು, ಗೋಲು ಮೇವಾಲಾಲ್ ಅವರದು. ಚಿನ್ನ ಗೆದ್ದ ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿ ದೇಶ, ಎದುರು ಬಲಿಷ್ಠ ಯುಗೊಸ್ಲಾವಿಯಾ. ಆಗಲೂ ನಮ್ಮ ಹಲವರಿಗೆ ಬೂಟಿಲ್ಲ. ಪಂದ್ಯ 10-1ರಿಂದ ಹೋಯಿತು. ಆ ಒಂದು ಗೋಲು ಅಹ್ಮದ್ ಖಾನ್ ಹೊಡೆದದ್ದು. ಈ ಸೋಲಿನ ನಂತರವೇ ಭಾರತದ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು.

‘ಬೂಟಿಲ್ಲ ಎಂದು 1950ರ ವಿಶ್ವಕಪ್‌ನಿಂದ ಭಾರತವನ್ನು ಹೊರಗಿಟ್ಟರು’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅದು ಪೂರ್ತಿ ನಿಜವಲ್ಲ. ಬೇರೆ ತಂಡಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಅವಕಾಶ ಸಿಕ್ಕಿತ್ತು. ಬ್ರೆಜಿಲ್‌ಗೆ ದೂರದ ಪ್ರಯಾಣ, ಅಭ್ಯಾಸದ ಕೊರತೆ, ಅದಕ್ಕಿಂತ ಹೆಚ್ಚಾಗಿ ಒಲಿಂಪಿಕ್ಸೇ ದೊಡ್ಡದು ಎಂಬ ಆಗಿನ ಅಧಿಕಾರಿಗಳ ಲೆಕ್ಕಾಚಾರ, ಇವೆಲ್ಲ ಸೇರಿ ನಾವೇ ಹೋಗಲಿಲ್ಲ. ಅಹ್ಮದ್ ಖಾನ್ ತಮ್ಮ ಆಟದ ಉತ್ತುಂಗದಲ್ಲಿದ್ದ ವರ್ಷಗಳವು. ಅವರಿಗೆ ವಿಶ್ವಕಪ್ ಆಡುವ ಯೋಗ ತಪ್ಪಿದ್ದು ಬರಿಗಾಲಿನಿಂದಲ್ಲ, ಕಚೇರಿಯ ತೀರ್ಮಾನದಿಂದ.

ಮರಳಿ ಬೆಂಗಳೂರಿಗೆ

ಪಾಂಡವರ ಸಾಲು ಒಬ್ಬೊಬ್ಬರಾಗಿ ಚದುರಿತು. ಅಹ್ಮದ್ ಖಾನ್ ಮಾತ್ರ 1959ರವರೆಗೂ ಈಸ್ಟ್ ಬೆಂಗಾಲ್‌ನಲ್ಲೇ ಆಡಿದರು. ಹೆಚ್ಚು ಕಡಿಮೆ ಹತ್ತು ವರ್ಷ ಒಂದೇ ಕ್ಲಬ್ಬು. ಮುಂದೆ ಅರುಮೈನಾಯಗಂ, ಉಲಗನಾಥನ್ ಮುಂತಾದ ಬೆಂಗಳೂರಿನ ಹುಡುಗರೂ ಕೋಲ್ಕತ್ತಕ್ಕೆ ಹೋಗಿ ಹೆಸರು ಮಾಡಿದರು, ಅವರು ಎದುರಾಳಿ ಮೋಹನ್ ಬಾಗಾನ್‌ಗೆ ಆಡಿದವರು.

ಆಟ ನಿಲ್ಲಿಸಿದ ಮೇಲೆ ಅಹ್ಮದ್ ಖಾನ್ ಬೆಂಗಳೂರಿನಲ್ಲೇ ಬದುಕಿದರು. 2017ರ ಆಗಸ್ಟ್ 27ರಂದು ಇಲ್ಲೇ ತೀರಿಕೊಂಡರು, ವಯಸ್ಸು 90. ಅವರ ಸಾವಿಗೆ ಮರುಗಿದವರಲ್ಲಿ ಅವರ ಆಟವನ್ನು ಒಮ್ಮೆಯೂ ನೋಡಿರದ ಎಷ್ಟೋ ಬಂಗಾಳಿಗಳಿದ್ದರು. ನೋಡಲು ಆ ಪಂದ್ಯಗಳ ವಿಡಿಯೊ ಎಲ್ಲಿದೆ? ಅವರಿಗಿದ್ದದ್ದು ಮನೆಯ ಹಿರಿಯರ ಮಾತು ಮಾತ್ರ.

ನಮ್ಮ ಹಳ್ಳಿಗಳಲ್ಲೂ ಇಂಥವರಿದ್ದಾರೆ. ಜಾತ್ರೆಯ ಕಬಡ್ಡಿಯಲ್ಲಿ, ದಸರಾ ಕುಸ್ತಿಯಲ್ಲಿ, ತಾಲ್ಲೂಕಿನ ವಾಲಿಬಾಲ್‌ನಲ್ಲಿ ಮೂವತ್ತು ನಲವತ್ತು ವರ್ಷದ ಹಿಂದೆ ಜನರನ್ನು ಕುಣಿಸಿದವರು. ಪತ್ರಿಕೆಯಲ್ಲಿ ಗೆದ್ದ ತಂಡದ ಹೆಸರು, ಬಹುಮಾನ ಕೊಟ್ಟವರ ಹೆಸರು ಸಿಗುತ್ತದೆ. ಆಟ ಹೇಗಿತ್ತು ಎಂಬುದು ನೋಡಿದವರ ತಲೆಯಲ್ಲಷ್ಟೇ ಇರುತ್ತದೆ. ಅವರಿಗೆ ಈಗ ವಯಸ್ಸಾಗಿದೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ರೆಕಾರ್ಡರ್ ಇದೆ. ಇವತ್ತು ಸಂಜೆ ಕಟ್ಟೆಯ ಮೇಲೆ ಕೂತ ಹಿರಿಯರಲ್ಲಿ ಒಬ್ಬರನ್ನು ಕೇಳಿ: ನೀವು ನೋಡಿದವರಲ್ಲಿ ಒಳ್ಳೆಯ ಆಟಗಾರ ಯಾರು, ಅವರು ಹೇಗೆ ಆಡುತ್ತಿದ್ದರು? ಹೆಸರು, ಊರು, ವರ್ಷ ಮರೆಯದೆ ಬರೆದುಕೊಳ್ಳಿ.